ಐದಕ್ಷರದ ಆಟ

…ಹಾಗಂದಿದ್ದು ಬೇರೆ ಯಾರೂ ಅಲ್ಲ ಮಾನಸಾ, ನನ್ನ ಒಡಹುಟ್ಟಿದ ಅಣ್ಣ! ನಿನ್ನ ಗೆಳತಿ ಸಂಗೀತಳ ಅಪ್ಪ, ಪುಟ್ಟಪ್ಪ. ಇದೇ ಭಟ್ಟಿ ಮುಂದೆ ನಿಂತು, ಮಂಡಕ್ಕಿ ಹುರಿಯೋ ಹೆಂಗಸರೆಲ್ಲ ಕೇಳೋ ಹಾಗೆ… "ದುರುಗೀ, ಮರಳು ಕೆದಕೋ ಕೈಗೆ ಇಂಗ್ಲಿಷ್ ಹತ್ತಲ್ಲ. ನಿನ್ನ ಕೈಲಾಗಲ್ಲ, ಬಿಡು." ಎಲ್ಲರೂ ಬಿದ್ದು ಬಿದ್ದು ನಕ್ಕರು. ನೀನೂ ನಗ್ತಿದ್ದೀಯಾ? ನಗು, ನಗು. ಆದರೆ ಮಂಡಕ್ಕಿ ತಿಂತಾ ನಗು, ಮೆತ್ತಗಾದ್ರೆ ಚೆನ್ನಾಗಿರಲ್ಲ. ಮೆಣಸಿನಕಾಯಿ ಕಚ್ಚಿಕೋ.

ಏನಂದೆ? ಸಂಗೀತಾನಾ? ಆಗಲೇ ಹೇಳಿದೆನಲ್ಲವ್ವ, ಹುಬ್ಬಳ್ಳೀಲಿ ಕೆಲಸ ಸಿಕ್ತು, ಹೋದಳು. ಬಟ್ಟೆ ಅಂಗಡಿ… ಹೂಂ, ದೊಡ್ಡ ಬಟ್ಟೆ ಅಂಗಡಿ. ಹೆಸರು ಬಾಯಿಗೆ ಬರ್ತಿಲ್ಲ. ಕಾಲ್ ಮಾಡಿದ್ರೆ ಎತ್ತಲ್ಲ ಅಂದ್ರೆ ನಾನೇನು ಮಾಡ್ಲಿ? ಗಿರಾಕಿ ಎದುರು ಫೋನ್ ಹಿಡಿದು ನಿಂತ್ರೆ ಸಾಹುಕಾರ ಬಿಡ್ತಾನಾ? ದಿನಾ ಬೆಳಿಗ್ಗೆ ಮೆಸೇಜು ಬರ್ತದೆ ತಾನೇ? ನಿಮ್ಮ ಆ ಆಟ ನಡೀತಾನೇ ಐತೆ ತಾನೇ? ಮತ್ತೆ! ಇಷ್ಟಕ್ಕೇ ಆನವಟ್ಟಿಯಿಂದ ಈ ಬಿಸಿಲಲ್ಲಿ, ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸಿಕೊಂಡು ಬಂದೆಯಾ? ಹುಚ್ಚು ಹುಡುಗಿ.

ಆಟ ನನಗೆ ಹೇಗೆ ಗೊತ್ತು ಅಂದ್ರೆ? ಚೆನ್ನಾಗಿ ಕೇಳ್ತೀಯ! ಹಾಸ್ಟೆಲಿಂದ ರಜೆಗೆ ಬಂದಾಗೆಲ್ಲ ನನ್ನ ಕಣ್ಣೆದುರೇ ಆಡ್ತಿದ್ದಳಲ್ಲ. ನೀನು ಮೂರು ಇಂಗ್ಲಿಷ್ ಅಕ್ಷರ ಕಳಿಸೋದು. ಆ ಮೂರೂ ಅದೇ ಸಾಲಲ್ಲಿ ಒಟ್ಟಿಗೆ ಬರೋ ಪದ ಅವಳು ಹುಡುಕೋದು. ಪದಕ್ಕೆ ಐದೇ ಅಕ್ಷರ, ನಾಲ್ಕೂ ಅಲ್ಲ, ಆರೂ ಅಲ್ಲ. ನಾನು ಪಕ್ಕದಲ್ಲಿ ಜರಡಿ ಆಡಿಸ್ತಾ ಕೇಳಿಸಿಕೊಳ್ತಿದ್ದೆ. ಒಂದ್ಸಲ ಐ, ಜಿ, ಎಚ್ ಕೊಟ್ಟಿದ್ದೆ ನೋಡು? ಲೈಟ್, ನೈಟ್, ರೈಟ್… ಅಷ್ಟಕ್ಕೇ ಸುಸ್ತು ಅವಳಿಗೆ! "ಫೈಟ್ ಐತಲ್ಲೇ, ಟೈಟ್ ಐತಲ್ಲೇ" ಅಂತ ನಾನು ಹೇಳಿಕೊಟ್ಟರೆ ಏನಂದಳು ಗೊತ್ತಾ? "ಅತ್ತೆ, ಇದು ನಮ್ಮಿಬ್ಬರ ಆಟ, ನೀನು ಸುಮ್ನಿರು." ಸುಮ್ನಿರು! ನನಗೆ!

ಏನು? ಈಗೀಗ ಹತ್ತು ಹತ್ತು ಪದ ಬರೀತಾಳಾ? ಅದು ನಿನಗೆ ವಿಚಿತ್ರ ಅನ್ನಿಸ್ತಾ? ಯಾಕವ್ವ, ಮನುಷ್ಯರು ಕಲಿಯಲ್ವಾ?

ನಾನು ಕಲಿತದ್ದು ಹೇಗೆ ಅಂತ ಯಾರಾದ್ರೂ ಕೇಳಿದ್ರಾ? ಪೊಟ್ಟಣ ಕಟ್ಟೋಕೆ ಅಜಮತ್ ಉಲ್ಲಾ ಸಾಬರ ಗುಜರಿ ಅಂಗಡಿಯಿಂದ ಹಳೇ ಪೇಪರು ತರ್ತಿದ್ದೆ. ಇಂಗ್ಲಿಷ್ ಪೇಪರು, ಮಕ್ಕಳ ಪಾಠದ ಹಾಳೆ, ಔಷಧಿ ಡಬ್ಬಿಯೊಳಗಿನ ಚೀಟಿ… ಕಟ್ಟೋ ಮುಂಚೆ ಓದ್ತಿದ್ದೆ. ಮೊದಲು ಅಕ್ಷರ, ಆಮೇಲೆ ಪದ. ಅರ್ಥಕ್ಕೆ ಸಾಬರೇ ಕೊಟ್ಟ ರಟ್ಟು ಕಿತ್ತ ಡಿಕ್ಷನರಿ. "ದುರುಗಮ್ಮಾರೆ, ಕಟ್ಟೋಕೆ ಒಯ್ತೀರೋ, ಓದೋಕೆ ಒಯ್ತೀರೋ" ಅಂತ ರೇಗಿಸೋರು. ಮೇಷ್ಟ್ರಿಲ್ಲ, ಬೆಂಚಿಲ್ಲ. ಹೊಗೇಲಿ ಕಣ್ಣೀರು ಸುರಿಸ್ತಾ ಕಲಿತವಳು ನಾನು. ಸಂಗೀತಾಗೆ? ಹಾಸ್ಟೆಲ್ಲು, ಕಾಲೇಜು, ಹೊಸ ಫೋನು… ಎಲ್ಲ ಇದೇ ಭಟ್ಟಿ ಕೊಟ್ಟಿದ್ದು. ಅಣ್ಣ ಸತ್ತ ಮೇಲೆ ಇದನ್ನ ನಡೆಸಿದವಳು ನಾನು. ಜಾಗದ ಖಾತೆ ಮಾತ್ರ ಅವನ ಮಗಳ ಹೆಸರಿಗೆ!

ಹೂಂ. ಮಾರಬೇಕು ಅಂದಳು. ಓ, ನಿನಗೂ ಹೇಳಿದ್ಲಾ? ಪೆಟ್ರೋಲ್ ಬಂಕ್ ಹಾಕೋರು ಕೇಳಿದ್ದಾರಂತೆ. "ಅತ್ತೆ, ನಿನಗೊಂದು ಬಾಡಿಗೆ ಮನೆ ನೋಡ್ತೀನಿ, ಆರಾಮಾಗಿರು." ಆರಾಮ! ಈ ಕೈ ನೋಡು, ಇದು ಆರಾಮದ ಕೈಯಾ? … ಇಲ್ಲ, ಜಗಳ ಏನೂ ಆಗಲಿಲ್ಲ. ಆಗಲಿಲ್ಲ ಅಂದ್ನಲ್ಲ! ಮನಸ್ಸು ಬದಲಾಯಿಸಿ ಹುಬ್ಬಳ್ಳಿಗೆ ಹೋದಳು, ಅಷ್ಟೇ.

ಬಿಡು ಅದನ್ನ. ನೀನು ನಂಬಲ್ಲ, ಅಲ್ವಾ? ಭಟ್ಟಿ ಹೆಂಗಸಿಗೆ ಎಷ್ಟು ಪದ ಬಂದೀತು ಅಂತ? ನಿಮ್ಮಂಥವರ ಮುಖ ನಂಗೇನು ಹೊಸದಾ! ಕೇಳು ಹಾಗಾದ್ರೆ. ಇ, ಎ, ಆರ್. ಹಾರ್ಟ್. ಅರ್ಲಿ. ಲರ್ನ್. ಅಷ್ಟು ಸಂಗೀತಾನೂ ಹೇಳಿಯಾಳು. ಕ್ಲಿಯರ್! ಪರ್ಲ್! ಬಿಯರ್ಡ್, ಸ್ಪಿಯರ್… ಆಮೇಲೆ ಶಿಯರ್! ಕುರಿ ಉಣ್ಣೆ ಕತ್ತರಿಸೋದಕ್ಕೆ ಶಿಯರ್ ಅಂತಾರೆ. ನಮ್ಮಪ್ಪ ಜೀವಮಾನವೆಲ್ಲ ಅದೇ ಮಾಡಿದ, ಅದಕ್ಕೊಂದು ಇಂಗ್ಲಿಷ್ ಪದ ಐತೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಯಾವ ಕಾಲೇಜು ಹುಡುಗಿಗೆ ಹೊಳೀತದೆ ಅದು? ಅದಕ್ಕೇ ಅಲ್ವಾ ನಿನ್ನೆ ನೀನು ಬರೆದಿದ್ದು, "ಅಬ್ಬಾ ಸಂಗೀ, ಇದೆಲ್ಲಿ ಸಿಕ್ತೇ ನಿಂಗೆ" ಅಂತ! ಚಪ್ಪಾಳೆ ತಟ್ಟೋ ಗೊಂಬೆ ಬೇರೆ ಕಳಿಸಿದ್ದೆ…

ಯಾಕೆ, ತಿನ್ನೋದು ನಿಲ್ಲಿಸಿದೆ?

ಅವಳೇ ಹೇಳಿದ್ದು. ಫೋನ್ ಮಾಡಿ ಹೇಳಿದಳು, ಮಾನಸಾ ಹೀಗೆ ಬರೆದಿದ್ದಾಳೆ ಅತ್ತೆ ಅಂತ… ಹೂಂ, ಹುಬ್ಬಳ್ಳಿಯಿಂದ. ಅಲ್ಲ… ಫೋನ್ ಇಲ್ಲೇ ಮರೆತು ಹೋಗಿದ್ದಾಳೆ, ಅದಕ್ಕೇ ನಾನು… ಮಾತಾಡೇ. ಏನಾದ್ರೂ ಕೇಳು. ಬಂದಾಗಿಂದ ಸಂಗೀತಾ ಎಲ್ಲಿ, ಸಂಗೀತಾ ಎಲ್ಲಿ ಅಂತ ಕೇಳ್ತಿದ್ದೆಯಲ್ಲ, ಈಗ ಕೇಳು!

ಎದ್ದೆ ಯಾಕೆ? ಬಾಗಿಲು ಈ ಕಡೆ ಐತೆ. ನಾನೇನು ನಿನ್ನ ಹಿಡೀತೀನಾ? ಹಾಗೆ ಹಿಂದೆ ಹಿಂದೆ ಹೋಗಬೇಡ, ಅಲ್ಲಿ ಬೂದಿ ಗುಂಡಿ… ನಿಲ್ಲು! ಮಾನಸಾ, ನಿಲ್ಲೇ! ಕಾಲಿಡಬೇಡ ಅಲ್ಲಿ!

ಅಯ್ಯೋ… ಎದೆ ಒಡೆದು ಹೋಯ್ತು ನಂದು. ಬಾ, ಈ ಕಡೆ ಬಾ. ಭತ್ತದ ಹೊಟ್ಟು ಉರಿದ ಬೂದಿ ಅದು. ಮೇಲೆ ತಣ್ಣಗೆ ಇರ್ತದೆ, ನೆಲ ಅಂತಲೇ ಅನ್ನಿಸ್ತದೆ. ಒಳಗೆ ಆಳುದ್ದ ಕೆಂಡ. ಇಲ್ಲಿ ದುಡಿಯೋರು ನಿದ್ದೆಗಣ್ಣಲ್ಲೂ ಅತ್ತ ಹೆಜ್ಜೆ ಇಡಲ್ಲ. ಹಾಸ್ಟೆಲಲ್ಲಿ ಬೆಳೆದೋಳಿಗೆ ಏನು ಗೊತ್ತು? ಫೋನ್ ಚೀಲದ ಮೇಲಿಟ್ಟು, ಟೇಪು ಹಿಡ್ಕೊಂಡು, ನಿನ್ನ ಹಾಗೇ ಹಿಂದೆ ಹಿಂದೆ ಹೆಜ್ಜೆ ಇಟ್ಟು ಜಾಗ ಅಳೀತಾ ಹೋದಳು…

ಕೂಗಿದೆ. ಅವಳಿಗೂ ಹೀಗೇ ಕೂಗಿದೆ. ಈಗ ನಿನ್ನ ಕೂಗಿದ ಹಾಗೇ. ಅವಳಿಗೆ ಕೇಳಿಸಲಿಲ್ಲ. ಯಾಕೆ ಹಾಗೆ ನೋಡ್ತೀಯ? ಕೂಗಿದೆ ಅಂದ್ನಲ್ಲ! … ಟೇಪಿನ ಈ ತುದಿ ನನ್ನ ಕೈಲಿತ್ತು. ಹತ್ತಿರವೇ ಇದ್ದಳು. "ನಮ್ಮ ಗಡಿ ಇನ್ನೂ ಹಿಂದೆನಾ ಅತ್ತೆ?" ಅಂತ ಕೇಳಿದಳು. ನಾನು… ಏನಾದ್ರೂ ಅನ್ನೇ! ಬೈಯೇ! ಹೀಗೆ ಬಾಯಿ ಕಟ್ಟಿಕೊಂಡು ನಿಲ್ಲಬೇಡ, ನನ್ನ ಕೈಲಿ ತಡೆಯೋಕಾಗಲ್ಲ!

ಹೂಂ ಅಂದೆ. ಅಷ್ಟೇ. ಅವಳು ಕೇಳಿದಳು, ನಾನು ಹೂಂ ಅಂದೆ.

ಆಮೇಲೆ ಮೇಲಿಂದ ಹೊಟ್ಟು ಸುರಿದೆ. ದಿನಾ ಸುರೀತೀನಿ. ಮಾರನೇ ಬೆಳಿಗ್ಗೆ ಚೀಲದ ಮೇಲೆ ಅವಳ ಫೋನ್ ಟಿಣ್ ಅಂತು. ನಿನ್ನ ಮೂರಕ್ಷರ. ಬೀಗ ತೆಗೆಯೋದು ಪಕ್ಕದಲ್ಲಿ ಕೂತು ನೋಡಿಯೇ ಕಲಿತಿದ್ದೆ. ನೀನು ಹುಡುಕಿಕೊಂಡು ಬರಬಾರದು ಅಂತ ಬರೆದೆ. ಅವಳ ಹಾಗೆ ಮೂರು ಪದ ಬರೆದು ಸುಮ್ಮನಿದ್ದಿದ್ರೆ ನೀನು ಬರ್ತಾನೇ ಇರಲಿಲ್ಲ, ಅಲ್ವಾ? ಗೊತ್ತಿತ್ತು. ಆದರೆ ನನಗೆ ಬರೋ ಪದನ ಬರಲ್ಲ ಅಂತ ಹೇಗೆ ಬಿಡಲಿ ಮಾನಸಾ? ನನಗೂ ಒಬ್ಬರು ದಿನಾ ಕೇಳೋರಿದ್ರು. ಆಟ ಆಡೋಣ ಬಾ ಅಂತ ಯಾರೂ ಕರೆದಿರಲಿಲ್ಲ ನನ್ನನ್ನ.

ಹೋಗು. ಬಾಗಿಲು ತೆಗೆದೇ ಐತೆ. ಯಾರಿಗೆ ಹೇಳ್ತೀಯೋ ಹೇಳು, ಆದರೆ ಸರಿಯಾಗಿ ಹೇಳು. ಈ ಭಟ್ಟಿ ನನ್ನದು. ಈ ಜಾಗ, ಆ ಗೋಡೌನು, ಹೊರಗೆ ನಿಂತಿರೋ ಗಾಡಿ, ಎಲ್ಲ ನನ್ನದು. ಕೇಳೋಕೆ ಬರೋ ವಾರಸುದಾರರು ಯಾರೂ ಉಳಿದಿಲ್ಲ. ನನ್ನನ್ನ ಅತ್ತೆ ಅಂತ ಕರೆಯೋಕೆ ಈ ಊರಲ್ಲಿ ಒಬ್ಬಳೇ ಇದ್ದಳು. ಅವಳನ್ನ ಕೊಟ್ಟು ತಗೊಂಡಿದ್ದು.