ಚಾಸಿಗೆ ಯಾವ ಬಣ್ಣ

ಒಂದಾನೊಂದು ಊರಿನಲ್ಲಿ, ತಂಗಿಯನ್ನು ಸ್ವಂತ ವಾಹನದಲ್ಲೇ ಗಂಡನ ಮನೆಗೆ ಕಳಿಸುತ್ತೇನೆಂದು ಮಾತು ಕೊಟ್ಟ ಗಂಗಾಧರನೆಂಬ ಅಣ್ಣನಿದ್ದ. ಊರು ಕೊಟ್ಟೂರು, ವಾಹನ ಹಳೇ ಜೀಪು. ಅದರ ಬೋಳು ಚಾಸಿ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟು, ಬಸ್ ನಿಲ್ದಾಣದ ಪಕ್ಕದ ಗ್ಯಾರೇಜಿನಲ್ಲಿತ್ತು.

"ಹೆರಿಗಿಗೆ ಬಂದಾಕಿ ನಾನು. ಈಗ ಮಗ ಓಡ್ಯಾಡ್ತಾನ. ಇವತ್ತು ಬರಲಿಲ್ಲಂದ್ರ ಅಲ್ಲೇ ಇರು ಅಂದಾರ ನಮ್ಮನಿಯವ್ರು," ಎಂದಳು ತಂಗಿ ಭಾಗ್ಯ.

"ಬಸ್ಸಿನಾಗ ಕಳಿಸಿದ್ರ ನನ್ನ ಮಾನ ಹೋಗತೈತವ್ವ. ಚಾಸಿಗೆ ಪೇಂಟೋ, ಬಣ್ಣದ ಪುಡಿ ಹಾಕಿ ಬೇಯ್ಸೋ ಪೌಡರ್ ಕೋಟಿಂಗೋ, ಅದೊಂದು ತೀರ್ಮಾನ ಆಗ್ಲಿ."

"ಪೌಡರ್ ಬೇಯ್ಸೋವಷ್ಟು ದೊಡ್ಡ ಒಲಿ ಇಲ್ಲೆಲ್ಲೈತ್ರಿ? ಪೇಂಟಾದ್ರ ಗೀರು ಬಿದ್ರೂ ನಾನೇ ತಿದ್ದತೀನಿ," ಎಂದ ಮೆಕ್ಯಾನಿಕ್ ಮಸ್ತಾನಸಾಬ.

"ಪೇಂಟು ಬಾಳಿಕಿ ಬರತೈತೇನು?"

"ನೀವು ವಿಚಾರ ಮಾಡಿದಷ್ಟು ದಿನ ಬರತೈತ್ರಿ."

ಅಷ್ಟರಲ್ಲಿ ಭಾಗ್ಯಳ ಗಂಡನ ಊರಾದ ಹಿರೇಹಡಗಲಿಯ ಬಸ್ಸು ಬಂತು, ಜನ ಮುಗಿಬಿದ್ದರು. ಗಂಗಾಧರ ಒಂದು ಕ್ಷಣವೂ ಯೋಚಿಸದೆ ಓಡಿ, ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದ. ಭಾಗ್ಯ ಮಗನನ್ನೆತ್ತಿಕೊಂಡು ಹತ್ತಿ, ಅಂತೂ ಗಂಡನ ಮನೆಗೆ ಹೊರಟಳು.