ಟ್ರೆಂಟನ ಕಾರಿನ ಬಣ್ಣ

ಇವರು ರೇಸ್ ಕಾರು ಓಡಿಸುತ್ತಿದ್ದ ಆ ಟ್ರೆಂಟನ ತಂದೆತಾಯಿಯೋ, ಬೇರೆ ಯಾರೋ? ಅಮೆರಿಕದ ಇಂಡಿಯಾನಾದಲ್ಲಿ, ಪುಟ್ಟ ಮಾದರಿ ಕಾರು-ವಿಮಾನ ಮಾಡುವ ಸಾಮಾನು ಮಾರುವ ಆ ಅಂಗಡಿಯ ಸಾಲಿನಲ್ಲಿ ಮುಂದೆ ನಿಂತಿದ್ದ ವೃದ್ಧ ದಂಪತಿಯನ್ನು ನೋಡುತ್ತ ವೆಂಡೆಲ್ ಮತ್ತೆ ಮತ್ತೆ ಕಾಲು ಬದಲಿಸಿದ. ಮುದುಕಿಯ ಅಂಗೈಯಲ್ಲಿ ಇನ್ನೂ ಬಣ್ಣ ಕಾಣದ ಪುಟ್ಟ ರೇಸ್ ಕಾರೊಂದಿತ್ತು.

"ಕಿತ್ತಳೆ ಕಣೇ ಲೋರೀನ್. ಫೋಟೋ ನೋಡು."

"ಫೋಟೋದಲ್ಲಿರೋದು ಬರೀ ಧೂಳು. ಕೆಂಪು, ಡ್ವೈಟ್. ಬಳಿಯುವಾಗ ನನ್ನ ಪರದೆಗೂ ಮೆತ್ತಿದ್ದ ನಮ್ಮ ಟ್ರೆಂಟ್."

"ಎಲ್ಲಿ ಆ ಪರದೆ?"

"ನೀನೇ ಹರಿದು ಕಾರು ಒರೆಸಿದ್ಯಲ್ಲೋ, ಪುಣ್ಯಾತ್ಮ!"

"ಆ ಕಾರನ್ನ ಗುಜರಿಯವನಿಗೆ ಕೊಡಬಾರದಿತ್ತು. ಇದ್ದಿದ್ರೆ ಹೋಗಿ ನೋಡ್ಬಹುದಿತ್ತು."

"ಬೇಡಪ್ಪ. ಮಗ ಸತ್ತ ಕಾರು ನಾನು ನೋಡಲ್ಲ. ರೇಸಲ್ಲಿ ಗೋಡೆಗೆ ಗುದ್ದೋ ಮುಂಚೆ ಅದು ಹೇಗಿತ್ತೋ ಈ ಪುಟ್ಟದನ್ನೂ ಹಾಗೇ ಮಾಡು. ಬಣ್ಣ ಮಾತ್ರ ತಪ್ಪಬಾರದು."

ವೆಂಡೆಲ್ ಬಾಯಿ ತೆರೆದ. ನಿನಗೆ ಹೇಗೆ ಗೊತ್ತು ಎಂದು ಆಕೆ ಕೇಳಿದರೆ?

"ಹಾಗಾದ್ರೆ ಎರಡೂ ಬಣ್ಣ ತಗೋ," ಎಂದ ಡ್ವೈಟ್.

"ಎರಡು ಬಣ್ಣದ ಕಾರು ಓಡಿಸ್ತಿದ್ನಾ ಅವನು?"

ಬಣ್ಣದ ಎರಡು ಡಬ್ಬಿ ಹಿಡಿದು, ಜಗಳವಾಡುತ್ತಲೇ ಅವರು ಹೊರಗೆ ಹೋದರು.

ಗುಜರಿಯವನಿಂದ ಆ ಕಾರನ್ನು ತಾನೇ ಕೊಂಡಿದ್ದೇನೆ, ಅದು ತನ್ನ ಶೆಡ್ಡಿನಲ್ಲಿ ಟಾರ್ಪಾಲಿನಡಿ ಇದೆ, ಅದು ಕೆಂಪು ಎಂದು ವೆಂಡೆಲ್ ಅವರಿಗೆ ಹೇಳಲೇ ಇಲ್ಲ.