ದಾನಿ ಆಟೋ ಹತ್ತಿದ ಬೆಳಿಗ್ಗೆ

ಇಂದಿನ ಸಭೆಯ ಅಧ್ಯಕ್ಷತೆ ವಹಿಸಿರುವ, ನಮ್ಮ ಮಕ್ಕಳ ರಕ್ತರೋಗ ವಿಭಾಗದ ಡಾಕ್ಟರ್ ಪ್ರಿಯಂವದಾ ಮೇಡಂ ಅವರೇ, ಹೂಗುಚ್ಛ ಹಿಡಿದು ಹಿಡಿದು ಕೈ ಸೋತಿರುವ ಮುಖ್ಯ ಅತಿಥಿಗಳೇ, ಸಿಸ್ಟರ್ ಖುರ್ಷೀದ್ ಅವರೇ, ಹಲಸೂರಿನ ಈ ಸಭಾಂಗಣದಲ್ಲಿ ಒಂದು ನಿಮಿಷವೂ ಕುರ್ಚಿಯ ಮೇಲೆ ಕೂರದ ಮಕ್ಕಳೇ, ಅವರನ್ನು ಕೂರಿಸಲು ಹೋಗಿ ಸೋತಿರುವ ತಂದೆತಾಯಿಗಳೇ, ಮತ್ತು ಎಲ್ಲ ಸಭಿಕರೇ,

ಮಕ್ಕಳು ಓಡಾಡಲಿ, ಬಿಡಿ. ಈ ಗಲಾಟೆ ಕೇಳುವುದಕ್ಕೆ ನಾವೆಲ್ಲ ಎಷ್ಟು ತಿಂಗಳು ಕಾದಿದ್ದೇವೆ, ಅಲ್ಲವೇ?

ನನ್ನ ಹೆಸರು ಮಧುಕರ್. ಹುಟ್ಟಿದ್ದು ಬೆಳೆದದ್ದು ದೊಮ್ಮಲೂರು. ಕಮ್ಮನಹಳ್ಳಿ ಮೇನ್ ರೋಡಿನಲ್ಲಿ ನನ್ನದೊಂದು ಟೈಲರ್ ಅಂಗಡಿ ಇದೆ. ಈಗತಾನೆ ನಿರೂಪಕರು ನನ್ನನ್ನು ಕರೆಯುವಾಗ "ಮಗಳಿಗೆ ಮರುಜನ್ಮ ಕೊಟ್ಟ ಧೀರ ತಂದೆ" ಎಂದರು. ಶಾಲು ಹೊದಿಸಿದರು, ಪೇಟ ತೊಡಿಸಿದರು. ಪೇಟ ನನಗೆ ಸ್ವಲ್ಪ ದೊಡ್ಡದಾಗಿದೆ. ಆದರೆ ಆ 'ಧೀರ' ಎಂಬ ಮಾತು ಅದಕ್ಕಿಂತ ದೊಡ್ಡದಾಗಿದೆ. ಅದನ್ನು ಇವತ್ತು ನಾನೇ ಸ್ವಲ್ಪ ಹಿಡಿದು ಹೊಲಿಯಬೇಕು. ಎರಡನೇ ಸಾಲಿನಲ್ಲಿ ನನ್ನ ಹೆಂಡತಿ ರಮ್ಯಶ್ರೀ ಕುಳಿತಿದ್ದಾಳೆ. ನಾನು ಹೇಳಲಿರುವುದು ಅವಳಿಗೂ ಗೊತ್ತಿಲ್ಲ. ರಮ್ಯಾ, ದಯವಿಟ್ಟು ಪೂರ್ತಿ ಕೇಳಿದ ಮೇಲೆ ಎದ್ದು ನಿಲ್ಲು.

ನಮ್ಮ ಮಗಳು ತನ್ಮಯಿಗೆ ಆರು ವರ್ಷವಿದ್ದಾಗ ರಕ್ತದ ಕ್ಯಾನ್ಸರ್ ಬಂತು. ಚಿಕಿತ್ಸೆಯಾಯಿತು, ವಾಸಿಯಾಯಿತು, ಶಾಲೆಗೂ ಹೋದಳು. ಎಂಟಕ್ಕೆ ಮತ್ತೆ ಬಂತು. ಆಗಿನ ಮೂರು ತಿಂಗಳಲ್ಲಿ ಅವಳ ಒಂದೇ ಹಳದಿ ಫ್ರಾಕನ್ನು ನಾನು ಎರಡು ಸಲ ಒಳಕ್ಕೆ ಹಿಡಿದು ಹೊಲಿದೆ. ಬೆಳೆಯುವ ಮಕ್ಕಳ ಬಟ್ಟೆಗೆ ನಾವು ಒಳಗಡೆ ಬಟ್ಟೆ ಬಿಟ್ಟಿರುತ್ತೇವೆ, ಮುಂದೆ ಬಿಚ್ಚಿ ದೊಡ್ಡದು ಮಾಡಲಿ ಎಂದು. ಮಗುವಿನ ಬಟ್ಟೆಯನ್ನು ಚಿಕ್ಕದು ಮಾಡುವ ಕೆಲಸ ಯಾವ ಟೈಲರಿಗೂ ಬೇಡ.

ಡಾಕ್ಟರ್ ಮೇಡಂ ನಮ್ಮನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ಈ ಸಲ ಔಷಧಿಯೊಂದೇ ಸಾಲದು. ಅವಳ ಮೂಳೆಯೊಳಗೆ ರಕ್ತ ತಯಾರಿಸುವ ಜಾಗವನ್ನು ಪೂರಾ ಖಾಲಿ ಮಾಡಿ, ಬೇರೆಯವರ ಕಾಂಡಕೋಶ, ಅಂದರೆ ನಾವೆಲ್ಲ ಹೇಳುವ ಸ್ಟೆಮ್ ಸೆಲ್, ತಂದು ನೆಡಬೇಕು. ಒಡಹುಟ್ಟಿದವರಿದ್ದರೆ ಒಳ್ಳೆಯದು, ಅವಳು ಒಬ್ಬಳೇ. ಹೊರಗಿನ ದಾನಿಗಳ ಪಟ್ಟಿಯಲ್ಲಿ ಹುಡುಕಿದರು, ಸಿಗಲಿಲ್ಲ. ಕೊನೆಗೆ ನಮ್ಮಿಬ್ಬರನ್ನೂ ಪರೀಕ್ಷೆ ಮಾಡಿ, "ಮಧುಕರ್, ನೀವೇ ಕೊಡಬಹುದು. ಅರ್ಧ ಹೊಂದಿಕೆ ಇದೆ, ಅಷ್ಟು ಸಾಕು" ಎಂದರು.

ಅರ್ಧ! ಸಭಿಕರೇ, ನಮ್ಮ ತಂದೆ ಆದಿನಾರಾಯಣ ಅವರು ನನ್ನನ್ನು ಚಿಕ್ಕಂದಿನಿಂದ ಕರೆದದ್ದೇ 'ಅರ್ಧಂಬರ್ಧ' ಎಂದು. ಪಿಯುಸಿ ಅರ್ಧಕ್ಕೆ ಬಿಟ್ಟೆ. ವಿಮಾನಪುರದ ಕಾರ್ಖಾನೆಯಲ್ಲಿ ಅವರು ಓಡಾಡಿ ಕೊಡಿಸಿದ ತರಬೇತಿಯನ್ನೂ ಅರ್ಧಕ್ಕೆ ಬಿಟ್ಟೆ. ನಾನು ಪೂರ್ತಿ ಕಲಿತದ್ದು ಹೊಲಿಗೆ ಒಂದೇ. ಅದನ್ನು ಅವರು ಕೆಲಸ ಎಂದು ಒಪ್ಪಿಕೊಳ್ಳಲೇ ಇಲ್ಲ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೋ. ಇರಲಿ.

ಮೊದಲ ದಿನದಿಂದಲೇ ನಾನು ವಾರ್ಡಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದೆ. "ಹದಿನೆಂಟು ವರ್ಷ ಸೂಜಿ ಹಿಡಿದೇ ಅನ್ನ ತಿಂದವನು ನಾನು, ಆದ್ರೆ ಇಂಜೆಕ್ಷನ್ ಸೂಜಿ ಕಂಡ್ರೆ ಬೆವರ್ತೀನಿ" ಎನ್ನುತ್ತಿದ್ದೆ. ಕೂದಲುದುರಿದ ಮಕ್ಕಳಿಗೆಲ್ಲ ಕಾಟನ್ ಟೋಪಿ ಹೊಲಿದು ತಂದೆ. ಸಿಸ್ಟರ್‌ಗಳು ಬ್ಲೌಸ್ ಅಳತೆ ಕೊಟ್ಟರು. ನಾನು ಬಹಳ ಧೈರ್ಯವಂತ ಎಂದು ಎಲ್ಲರೂ ನಂಬಿದರು. ನಾನೂ ನಂಬಿದೆ.

ಅತ್ತ ತನ್ಮಯಿಗೆ ಜೋರಾದ ಔಷಧಿ ಶುರುವಾಯಿತು. ಇತ್ತ ನನಗೆ ದಿನಕ್ಕೊಂದು ಇಂಜೆಕ್ಷನ್, ಕೋಶಗಳು ಹೆಚ್ಚಿ ರಕ್ತಕ್ಕೆ ಇಳಿಯಲಿ ಎಂದು. ಐದನೇ ದಿನ ಬೆಳಿಗ್ಗೆ ಎಂಟಕ್ಕೆ ನಾನು ಯಂತ್ರದ ಪಕ್ಕ ಮಲಗಬೇಕಿತ್ತು. ಏಳೂವರೆಗೆ ಸಹಿ ಹಾಕುವ ಕಾಗದ ತಂದರು. ಅದರಲ್ಲಿ ಏನೇನೋ ಸಾಲುಗಳ ನಡುವೆ ಒಂದು ಸಾಲು, ನೆಟ್ಟ ಕೋಶಗಳು ಕೆಲವೊಮ್ಮೆ ಹಿಡಿಯದೆ ಹೋಗಬಹುದು ಎಂದು. ಸಹಿ ಹಾಕಿದೆ. ಮೆಟ್ಟಿಲಿಳಿದೆ. ಗೇಟಿನ ಹೊರಗೆ ಒಂದು ಆಟೋ ನಿಂತಿತ್ತು. ಹತ್ತಿ ಕುಳಿತು, "ಕೆ.ಆರ್. ಪುರ" ಎಂದೆ.

ಹೌದು. ನಾನು ಓಡಿಹೋದೆ. ಆ ಧೀರ ತಂದೆ ಓಡಿಹೋದ.

ಕೆ.ಆರ್. ಪುರದಲ್ಲಿ ನನಗೆ ಯಾರಿದ್ದಾರೆ? ಯಾರೂ ಇಲ್ಲ. ಬಾಯಿಗೆ ಬಂದ ದೂರದ ಹೆಸರು ಅದು, ಅಷ್ಟೇ. ಆಟೋ ಹಲಸೂರು ಕೆರೆ ದಾಟಿತು, ಹಳೇ ಮದ್ರಾಸ್ ರಸ್ತೆ ಹಿಡಿಯಿತು. ಟಿನ್ ಫ್ಯಾಕ್ಟರಿ ಹತ್ತಿರ ಎಂದಿನಂತೆ ಟ್ರಾಫಿಕ್ ನಿಂತುಹೋಯಿತು. ಬೆಂಗಳೂರಿನ ಟ್ರಾಫಿಕ್ಕಿಗೆ ಯಾರಾದರೂ ಕೃತಜ್ಞರಾಗಿದ್ದರೆ ಅದು ನಾನೊಬ್ಬನೇ ಇರಬೇಕು. ಡ್ರೈವರ್ ಇಂಜಿನ್ ಆರಿಸಿ ಕನ್ನಡಿಯಲ್ಲಿ ನನ್ನನ್ನು ನೋಡಿದರು. ಶಿವಾಜಿನಗರದ ಅಹ್ಮದ್ ಪಾಷಾ ಅವರು. ಆಗ ನನಗೆ ಹೆಸರು ಗೊತ್ತಿರಲಿಲ್ಲ.

"ಸಾಬ್, ಕೈಯಲ್ಲಿ ಆಸ್ಪತ್ರೆ ಪಟ್ಟಿ ಐತೆ. ಡಿಸ್ಚಾರ್ಜಾ?"

ನಾನು ಎಲ್ಲವನ್ನೂ ಹೇಳಿಬಿಟ್ಟೆ. ಸೂಜಿ ಎಂದರೆ ಭಯ ಎಂದೆ. ಅವರು ನನ್ನ ಮುಖವನ್ನೇ ನೋಡುತ್ತ ಕುಳಿತರು. ಆಮೇಲೆ ನನ್ನ ಬಾಯಿಂದ ನಿಜ ಹೊರಬಿತ್ತು.

"ಸೂಜಿ ಅಲ್ಲ ಭಾಯ್. ಒಂದ್ಸಲ ನನ್ನ ರಕ್ತದಿಂದಲೇ ಹುಟ್ಟಿದ್ಲು, ಅದಕ್ಕೇ ಕಾಯಿಲೆ ಬಂತು. ಮತ್ತೆ ನನ್ನದೇ ಹಾಕ್ತಾರಂತೆ. ಹಿಡೀಲಿಲ್ಲ ಅಂದ್ರೆ? ನಾನು ಕೈ ಹಾಕಿದ್ದು ಯಾವುದು ಪೂರ್ತಿ ಆಗಿದೆ?"

"ಮಗೂಗೆ ಔಷಧಿ ಕೊಟ್ಟಾಯ್ತಾ?"

"ಕೊಟ್ಟಾಯ್ತು. ಒಳಗೆ ಎಲ್ಲಾ ಖಾಲಿ ಮಾಡಿದಾರೆ."

"ಹಂಗಾದ್ರೆ ಯೋಚ್ನೆ ಮಾಡೋಕೆ ಏನೈತೆ ಸಾಬ್? ಹೋದ್ರೆ ಪಾಸೋ ಫೇಲೋ, ದೇವರಿಗೆ ಗೊತ್ತು. ಹೋಗ್ದಿದ್ರೆ ಈಗ್ಲೇ ಫೇಲ್."

ನಾನು ಹೂಂ ಎನ್ನುವ ಮೊದಲೇ ಅವರು ಇಂಜಿನ್ ಶುರು ಮಾಡಿ ಆಟೋ ತಿರುಗಿಸಿದ್ದರು. ಯಾವ ಕಡೆಯಿಂದ ತಿರುಗಿಸಿದರು ಎಂದು ನಾನು ಹೇಳುವುದಿಲ್ಲ. ಸಭೆಯಲ್ಲಿ ಪೊಲೀಸಿನವರೂ ಇರಬಹುದು.

ಆಸ್ಪತ್ರೆ ತಲುಪಿದಾಗ ಒಂಬತ್ತು ಗಂಟೆ. ಅಹ್ಮದ್ ಭಾಯ್ ನನ್ನ ಜೊತೆಗೇ ಮೇಲೆ ಬಂದರು. ನಾನು ಇನ್ನೊಮ್ಮೆ ಇಳಿದುಹೋಗದ ಹಾಗೆ ನೋಡಿಕೊಳ್ಳುವುದಕ್ಕೆ ಇರಬೇಕು. ಸಿಸ್ಟರ್ ಖುರ್ಷೀದ್ ಬಾಗಿಲಲ್ಲೇ ಹಿಡಿದರು: "ಏನ್ರೀ ಮಧುಕರ್, ಒಂದು ಕಾಫಿ ಕುಡಿಯೋಕೆ ಒಂದೂವರೆ ಗಂಟೆ ಬೇಕಾ?"

ನಾನು ಕಾಫಿಗೆ ಹೋಗುತ್ತೇನೆಂದು ಯಾರಿಗೂ ಹೇಳಿರಲಿಲ್ಲ. ಆದರೂ ಬದುಕಿದೆ ಎಂದುಕೊಂಡು ಸುಮ್ಮನೆ ತಲೆಯಾಡಿಸಿದೆ.

ಎರಡು ಕೈಗೂ ಸೂಜಿ. ಒಂದರಿಂದ ರಕ್ತ ಹೊರಗೆ, ಯಂತ್ರದಲ್ಲಿ ಬೇಕಾದ ಕೋಶ ತೆಗೆದುಕೊಂಡು ಮಿಕ್ಕಿದ್ದು ಇನ್ನೊಂದರಿಂದ ಒಳಗೆ. ನಾಲ್ಕು ಗಂಟೆ ಕೈ ಅಲ್ಲಾಡಿಸುವಂತಿಲ್ಲ. ಕೈ ಕಟ್ಟಿ ಹಾಕಿದಾಗಲೇ ಮೂಗು ಕೆರೆಯುತ್ತದೆ, ಗಮನಿಸಿದ್ದೀರಾ? ಆ ನಾಲ್ಕು ಗಂಟೆ ಅಹ್ಮದ್ ಭಾಯ್ ನನ್ನ ಪಕ್ಕ ಕುಳಿತು ನನ್ನ ಮೂಗು ಕೆರೆದರು. "ಎಡಕ್ಕಾ ಸಾಬ್? ಇನ್ನೂ ಮೇಲಾ?" ಯಾವತ್ತೂ ನೋಡದ ಮನುಷ್ಯ. ಸಂಜೆ ಆ ಕೋಶಗಳ ಚೀಲ ತನ್ಮಯಿಯ ಕೋಣೆಗೆ ಹೋಯಿತು. ನೋಡಿದರೆ ಟೊಮೆಟೊ ಸಾರಿನ ಹಾಗಿತ್ತು. ಇಷ್ಟೇನಾ ಎಂದು ನನಗೆ ಅನ್ನಿಸಿತು.

ಆಮೇಲಿನದು ಸುಲಭವಾಗಿರಲಿಲ್ಲ. ಬಾಯಿ ತುಂಬ ಹುಣ್ಣು, ಜ್ವರ, ಅಂಗೈಯೆಲ್ಲ ಕೆಂಪು. ಹದಿನೇಳನೆಯ ದಿನ ಡಾಕ್ಟರ್ ಮೇಡಂ ಕಾಗದ ಹಿಡಿದು ಬಂದು, "ಹಿಡೀತು" ಎಂದರು. ರಮ್ಯಶ್ರೀ ಗೋಡೆಗೊರಗಿ ಕುಳಿತುಬಿಟ್ಟಳು. ನಾನು ಹೊರಗೆ ಹೋಗಿ ನಮ್ಮ ತಂದೆಗೆ ಫೋನ್ ಮಾಡಿದೆ. ಅವರು, "ಪೂರ್ತಿ ಮಾಡ್ಬಿಟ್ಟೆ ಕಣೋ" ಎಂದರು. ಅಷ್ಟೇ. ನನಗೆ ಅಷ್ಟು ಸಾಕಾಯಿತು.

ಈಗ ಎರಡು ವರ್ಷ. ತನ್ಮಯಿಗೆ ಹತ್ತು. ಮೊದಲು ಅವಳದು ಬಿ ಪಾಸಿಟಿವ್, ಈಗ ನನ್ನ ಹಾಗೆ ಓ ಪಾಸಿಟಿವ್. ಗಣಿತದಲ್ಲಿ ಅಂಕ ಕಡಿಮೆ ಬಂದಾಗಲೆಲ್ಲ, "ಏನ್ಮಾಡ್ಲಿ ಮಿಸ್, ಈಗ ಅಪ್ಪನ ರಕ್ತ" ಎನ್ನುತ್ತಾಳಂತೆ.

ಹೋದ ತಿಂಗಳು ಈ ಸಮಾರಂಭದ ಆಹ್ವಾನ ಪತ್ರಿಕೆ ಬಂತು. ಸನ್ಮಾನಿತರ ಸಾಲಿನಲ್ಲಿ ನನ್ನ ಹೆಸರು ನೋಡಿ ತನ್ಮಯಿ ಅಂಗಡಿಗೆ ಬಂದಳು. ಕಟಿಂಗ್ ಟೇಬಲ್ ಮೇಲೆ ಹತ್ತಿ ಕುಳಿತು, ಮೆಲ್ಲಗೆ ಕೇಳಿದಳು.

"ಅಪ್ಪಾ, ಆ ದಿನ ನೀನು ಆಟೋ ಹತ್ತಿ ಹೋಗಿದ್ನ ಈಗ ಅಮ್ಮಂಗೆ ಹೇಳ್ಬಹುದಾ?"

ನನ್ನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. ನಾಲ್ಕನೇ ಮಹಡಿಯ ಅವಳ ಕಿಟಕಿ ಗೇಟಿನ ಕಡೆಗಿತ್ತು. ಅವಳು ನೋಡಿದ್ದಳು. ರಾತ್ರಿಯೆಲ್ಲ ಮಗು ವಾಂತಿ ಮಾಡಿ, ಅವಳಮ್ಮ ಆಗತಾನೆ ನಿದ್ದೆಗೆ ಜಾರಿದ್ದಳು. ಸಿಸ್ಟರ್ ಬಂದು ಅಪ್ಪ ಎಲ್ಲಿ ಎಂದು ಕೇಳಿದಾಗ, ಎಂಟು ವರ್ಷದ ಮಗು, "ಕಾಫಿಗೆ ಹೋಗಿದಾರೆ" ಎಂದಿತ್ತು.

"ನಾನು ವಾಪಸ್ ಬರ್ತೀನಿ ಅಂತ ನಿಂಗೆ ಗೊತ್ತಿತ್ತಾ ಪುಟ್ಟಾ?" ಎಂದೆ.

"ಇಲ್ಲ ಅಪ್ಪಾ. ಗೊತ್ತಿರ್ಲಿಲ್ಲ. ಅಮ್ಮನ್ನ ಎಬ್ಬಿಸೋದು ಬೇಡ ಅನ್ನಿಸ್ತು."

ಸಭಿಕರೇ, ಆ ಒಂದೂವರೆ ಗಂಟೆ ಆ ಮಗು ಕಿಟಕಿಯ ಬಳಿ ತಾನೊಂದೇ ಕುಳಿತು ಗೇಟು ನೋಡುತ್ತಿತ್ತು. ಆಮೇಲೆ ಎರಡು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದೆ. ಇಂಥ ಮಗಳಿರುವಾಗ ಧೀರ ಎಂಬ ಮಾತನ್ನು ನಾನು ಹಾಕಿಕೊಂಡು ತಿರುಗಬಹುದೇ? ನೀವೇ ಹೇಳಿ.

"ನೀನು ಹೇಳ್ಬೇಡ, ನಾನೇ ಹೇಳ್ತೀನಿ" ಎಂದಿದ್ದೆ. ಮನೆಯಲ್ಲಿ ಹೇಳುವ ಧೈರ್ಯ ಬರಲಿಲ್ಲ. ಮೈಕ್ ಸಿಕ್ಕಿತು, ನಾಲ್ಕು ಜನರ ರಕ್ಷಣೆಯೂ ಸಿಕ್ಕಿತು, ಹೇಳಿದೆ. ರಮ್ಯಶ್ರೀ ಈಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾಳೆ. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಇಲ್ಲಿಂದ ಕಾಣುವುದಿಲ್ಲ. ಭುಜ ಕುಲುಕುವುದನ್ನು ನೋಡಿದರೆ ಎರಡೂ ಇರಬಹುದು.

ಈ ಸೋಮವಾರ ಆ ಯಂತ್ರದ ಪಕ್ಕ ಮಲಗಲಿರುವ ಒಬ್ಬ ತಂದೆ ಈ ಸಭೆಯಲ್ಲಿದ್ದಾರೆ ಎಂದು ಕೇಳಿದೆ. ಸ್ವಾಮಿ, ಭಯವಾಗುತ್ತದೆ. ಆಗಲಿ. ಯಾರಿಗಾದರೂ ಬಾಯಿಬಿಟ್ಟು ಹೇಳಿಬಿಡಿ. ಯಾರೂ ಸಿಗದಿದ್ದರೆ ನನಗೆ ಫೋನ್ ಮಾಡಿ. ಮೂಗು ಕೆರೆಯಲು ನಾನು ಬರುತ್ತೇನೆ.

ಡಾಕ್ಟರ್ ಮೇಡಂ, ಸಿಸ್ಟರ್, ನಿಮ್ಮ ಇಡೀ ವಿಭಾಗಕ್ಕೆ ನಾನು ಋಣಿ. ಕೊನೆಯ ಸಾಲಿನಲ್ಲಿ ಬಾಗಿಲ ಹತ್ತಿರ ಕುಳಿತಿರುವ ಅಹ್ಮದ್ ಭಾಯ್, ನಿಮಗೆ ಏನು ಹೇಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಧನ್ಯವಾದ.

ತನ್ಮಯಿ, ಆ ಕಂಬದ ಹಿಂದೆ ಅವಿತುಕೊಂಡಿದ್ದೀಯಲ್ಲ, ಈಚೆ ಬಾ. ಅಮ್ಮನಿಗೆ ಗೊತ್ತಾಯಿತು. ಇನ್ನು ನೀನು ಏನನ್ನೂ ಬಚ್ಚಿಡಬೇಕಾಗಿಲ್ಲ. ಹೋಗಿ ಆಡಿಕೋ.

ಎಲ್ಲರಿಗೂ ನನ್ನ ನಮಸ್ಕಾರ.